ಹಸಿ ನೆಲ ಮೊದಲು, ಒಣ ನೆಲ ಕೊನೆಗೆ: ಟೆಂಟ್ ಹೊತ್ತು ಕಾರಿನಲ್ಲಿ ನಾಡು ಸುತ್ತಿ ವಸಂತದ ಹೊತ್ತಿಗೆ ಮನೆ ಸೇರುವ ಬಗೆ

ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿಗೆ ಮೊದಲು ಸಿಗುವ ಕೆಲವು ವಾರಗಳು ಕರ್ನಾಟಕದಲ್ಲಿ ಟೆಂಟ್ ಹಾಕಿಕೊಂಡು ಕಾರಿನಲ್ಲಿ ಸುತ್ತುವುದಕ್ಕೆ ವರ್ಷದಲ್ಲೇ ಒಳ್ಳೆಯ ಕಾಲ. ಮಳೆಯ ಭಯ ಇರುವುದಿಲ್ಲ, ಬಯಲುಸೀಮೆಯ ಬಿಸಿಲು ಇನ್ನೂ ಸುಡುವ ಹದಕ್ಕೆ ಬಂದಿರುವುದಿಲ್ಲ, ರಾತ್ರಿಯ ಚಳಿಗೆ ಸಾಧಾರಣ ಸ್ಲೀಪಿಂಗ್ ಬ್ಯಾಗ್ ಸಾಕಾಗುತ್ತದೆ. ಇದೇ ವಾರಗಳಲ್ಲಿ ನಮ್ಮ ಮನೆಯ ತಾರಸಿ, ಕೈತೋಟ ಮತ್ತು ಬೀದಿಯ ಮರಗಳು ಶಿಶಿರದಿಂದ ವಸಂತಕ್ಕೆ ಹೊರಳುತ್ತಿರುತ್ತವೆ. ಹತ್ತು ಹನ್ನೆರಡು ದಿನ ಮನೆ ಬಿಟ್ಟು ಬಂದವರು ಹಿಂದಿರುಗಿದಾಗ ಕಾಣುವುದು ತಾವು ಬಿಟ್ಟುಹೋದ ಮನೆಯಲ್ಲ. ಚರಂಡಿಯ ಬಾಯಿಗೆ ಹೊಂಗೆಯ ಎಲೆ ತುಂಬಿರುತ್ತದೆ, ಕುಂಡಗಳ ಮಣ್ಣು ಅಂಚು ಬಿಟ್ಟಿರುತ್ತದೆ, ದಾಸವಾಳದ ಚಿಗುರಿಗೆ ಹಿಟ್ಟುತಿಗಣೆ ಹತ್ತಿರುತ್ತದೆ. ಕಾರಿನ ಡಿಕ್ಕಿಯಲ್ಲಿ ಹಸಿ ಟೆಂಟ್ ಬೇರೆ ಕಾಯುತ್ತಿರುತ್ತದೆ.

ಆದ್ದರಿಂದ ಇಂತಹ ಪ್ರವಾಸದ ಯೋಜನೆಯನ್ನು ಹೊರಡುವ ದಿನದಿಂದಲ್ಲ, ಹಿಂದಿರುಗುವ ದಿನದಿಂದ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಲೇಖನದಲ್ಲಿ ಬೆಂಗಳೂರಿನಿಂದ ಹೊರಟು ಮಲೆನಾಡು, ಕರಾವಳಿ, ಕಾಳಿ ಕಣಿವೆ, ಬಾದಾಮಿ ಮತ್ತು ಹಂಪಿಯ ಮೂಲಕ ಮರಳಿ ಬರುವ ಒಂದು ಸುತ್ತನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಊರಿನವರು ಇದನ್ನು ತಮ್ಮ ದಾರಿಗೆ ಹೊಂದಿಸಿಕೊಳ್ಳಬಹುದು.

ಹಂತ 1: ಹಿಂದಿರುಗುವ ದಿನವನ್ನು ಮೊದಲು ಗೊತ್ತುಮಾಡಿ

ಪಂಚಾಂಗ ತೆಗೆದು ಮಾಘ ಬಹುಳ ಚತುರ್ದಶಿ, ಅಂದರೆ ಮಹಾಶಿವರಾತ್ರಿ, ಯಾವ ದಿನ ಬರುತ್ತದೆಂದು ನೋಡಿ. ಅದಕ್ಕೆ ಒಂದು ವಾರ ಮೊದಲೇ ಮನೆಗೆ ಬಂದು ಸೇರುವಂತೆ ದಿನ ಇಟ್ಟುಕೊಳ್ಳಿ. ಇದಕ್ಕೆ ಎರಡು ಕಾರಣಗಳಿವೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಅಲ್ಲಿಂದ ಮುಂದೆ ಹಂಪಿ ಮತ್ತು ಬಾದಾಮಿಯ ಬಂಡೆಗಳ ನಡುವೆ ಹಗಲು ಕಳೆಯುವುದು ಕಷ್ಟ, ಮನೆಯ ಕುಂಡಗಳಿಗೂ ದಿನ ಬಿಟ್ಟು ದಿನ ನೀರು ಬೇಕೇ ಬೇಕು. ಎರಡನೆಯದಾಗಿ, ಶಿವರಾತ್ರಿಗೆ ಗೋಕರ್ಣದಲ್ಲಿ ಮಹಾಬಲೇಶ್ವರನ ರಥೋತ್ಸವ ನಡೆಯುವುದರಿಂದ ಆ ದಿನಗಳಲ್ಲಿ ಅಲ್ಲಿ ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಜಾತ್ರೆಯನ್ನು ನೋಡುವುದೇ ಉದ್ದೇಶವಾದರೆ ಅದಕ್ಕೆ ಬೇರೆ ಪ್ರವಾಸವನ್ನೇ ಮಾಡಬೇಕು. ಬಾದಾಮಿಯ ಬನಶಂಕರಿ ಜಾತ್ರೆಯೂ ಹಾಗೆಯೇ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ರಥೋತ್ಸವ ನಡೆದು, ನಾಟಕ ಕಂಪನಿಗಳ ಡೇರೆಗಳೊಡನೆ ಜಾತ್ರೆ ವಾರಗಟ್ಟಲೆ ಮುಂದುವರಿಯುತ್ತದೆ. ಆ ದಿನಗಳಲ್ಲಿ ಊರಿನ ವಸತಿಗಳು ಮೊದಲೇ ತುಂಬಿರುತ್ತವೆ ಎಂಬುದು ನೆನಪಿರಲಿ.

ಮನೆ ಸೇರುವ ದಿನ ಭಾನುವಾರ ಸಂಜೆ ಆಗದಿರಲಿ. ನೆಲಮಂಗಲದ ಕಡೆಯಿಂದ ಬೆಂಗಳೂರಿಗೆ ಬರುವ ದಾರಿ ಅಂದು ಗಿಜಿಗುಡುತ್ತದೆ. ಶುಕ್ರವಾರ ಮಧ್ಯಾಹ್ನ ಬಂದಿಳಿದರೆ ಬಿಚ್ಚಿ, ಒಗೆದು, ಒಣಗಿಸಲು ಎರಡು ಪೂರ್ತಿ ದಿನಗಳು ಸಿಗುತ್ತವೆ. ಈ ಎರಡು ದಿನಗಳನ್ನು ಪ್ರವಾಸದ ಲೆಕ್ಕದಲ್ಲೇ ಸೇರಿಸಿಕೊಳ್ಳಿ.

ಹಂತ 2: ದಾರಿಯ ದಿಕ್ಕನ್ನು ಆರಿಸಿ

ಈ ಸುತ್ತಿನ ಒಟ್ಟು ದೂರ ಸುಮಾರು 1,300ರಿಂದ 1,500 ಕಿಲೋಮೀಟರ್. ಬಹಳ ಜನ ಇದನ್ನು ಹಂಪಿಯಿಂದ ಆರಂಭಿಸಿ ಕರಾವಳಿ, ಮಲೆನಾಡಿನಲ್ಲಿ ಮುಗಿಸುತ್ತಾರೆ. ನಾನು ಸಲಹೆ ಕೊಡುವುದು ಅದಕ್ಕೆ ವಿರುದ್ಧವಾದ ದಿಕ್ಕನ್ನು: ಬೆಂಗಳೂರಿನಿಂದ ಶಿವಮೊಗ್ಗ, ಸಾಗರ, ಜೋಗ, ಅಲ್ಲಿಂದ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಕುಮಟಾ, ಗೋಕರ್ಣ, ಅಂಕೋಲಾದಿಂದ ಅರಬೈಲು ಘಾಟಿ ಹತ್ತಿ ಯಲ್ಲಾಪುರದ ಮೇಲೆ ದಾಂಡೇಲಿ, ಧಾರವಾಡ, ನವಲಗುಂದ, ನರಗುಂದ ದಾಟಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಹಂಪಿ, ಕೊನೆಗೆ ಹೊಸಪೇಟೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರಿನ ಹೆದ್ದಾರಿ ಹಿಡಿದು ಮನೆಗೆ.

ಕಾರಣ ಇಬ್ಬನಿ ಮತ್ತು ಉಪ್ಪು. ಮಲೆನಾಡಿನಲ್ಲಿ ಈ ಕಾಲದ ಬೆಳಗಿನ ಇಬ್ಬನಿಗೆ ಟೆಂಟಿನ ಹೊರಹೊದಿಕೆ ತೊಟ್ಟಿಕ್ಕುವಷ್ಟು ನೆನೆಯುತ್ತದೆ. ಕರಾವಳಿಯಲ್ಲಿ ಅದರ ಮೇಲೆ ಉಪ್ಪಿನ ಗಾಳಿಯೂ ಸೇರಿ ಬಟ್ಟೆ ಜಿಗುಟಾಗುತ್ತದೆ, ಜಿಪ್ಪು ಬಿಗಿಯುತ್ತದೆ. ಇವೆರಡನ್ನೂ ಕೊನೆಗೆ ಇಟ್ಟುಕೊಂಡವರು ಹಸಿ ಸಾಮಾನನ್ನೇ ಮನೆಗೆ ತರುತ್ತಾರೆ. ಮೊದಲೇ ಮುಗಿಸಿಕೊಂಡವರಿಗೆ ಬಾದಾಮಿಯ ಒಣಹವೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಎಲ್ಲವೂ ಗರಿಗರಿಯಾಗಿ ಒಣಗಿ ಸಿಗುತ್ತದೆ. ಇನ್ನೊಂದು ಅನುಕೂಲವೆಂದರೆ, ದಣಿದಿರುವ ಕೊನೆಯ ದಿನದಲ್ಲಿ ಘಾಟಿಯ ತಿರುವುಗಳ ಬದಲು ನೇರವಾದ ಅಗಲ ಹೆದ್ದಾರಿ ಸಿಗುತ್ತದೆ. ಮಂಗನ ಕಾಯಿಲೆಯ ದೃಷ್ಟಿಯಿಂದಲೂ ಈ ದಿಕ್ಕೇ ಮೇಲು. ಆ ವಿಷಯವನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ದಿನಕ್ಕೆ 150 ಕಿಲೋಮೀಟರ್ ಮೀರದಂತೆ ನೋಡಿಕೊಳ್ಳಿ. ಮೊದಲ ಮತ್ತು ಕೊನೆಯ ದಿನಗಳಲ್ಲಿ ಮಾತ್ರ 300ರಿಂದ 350 ಕಿಲೋಮೀಟರ್ ಅನಿವಾರ್ಯ. ಟೆಂಟ್ ಹಾಕುವ ಜಾಗಕ್ಕೆ ಸಂಜೆ ನಾಲ್ಕರ ಒಳಗೆ ತಲುಪಬೇಕು, ಏಕೆಂದರೆ ನೆಲದ ಇಳಿಜಾರು, ಇರುವೆಗೂಡು, ತಲೆಯ ಮೇಲಿನ ಒಣಕೊಂಬೆ ಇವೆಲ್ಲ ಕಾಣುವುದು ಬೆಳಕಿನಲ್ಲಿ ಮಾತ್ರ.

ಹಂತ 3: ಮನೆಯನ್ನು ಸಿದ್ಧಪಡಿಸಿ

ಹೊರಡುವ ಸಡಗರದಲ್ಲಿ ಎಲ್ಲರೂ ಕಾರಿನ ಕಡೆಗೇ ಗಮನ ಕೊಡುತ್ತಾರೆ. ಮನೆಗೆ ಕೊಡಬೇಕಾದ ಒಂದು ದಿನವನ್ನು ಅದಕ್ಕಿಂತ ಮೊದಲೇ ತೆಗೆದಿಡಿ.

ಕುಂಡದ ಗಿಡಗಳನ್ನೆಲ್ಲ ತಾರಸಿಯ ಬಿಸಿಲಿನಿಂದ ತೆಗೆದು, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಗೋಡೆಯ ಬದಿಗೆ ಒತ್ತೊತ್ತಾಗಿ ಗುಂಪು ಮಾಡಿ ಇಡಿ. ಒಂದರ ಎಲೆಯ ತೇವ ಇನ್ನೊಂದಕ್ಕೆ ಸಿಗುವುದರಿಂದ ಒಣಗುವುದು ನಿಧಾನವಾಗುತ್ತದೆ. ಮಣ್ಣಿನ ಮೇಲೆ ಎರಡು ಬೆರಳು ದಪ್ಪಕ್ಕೆ ತೆಂಗಿನ ಸಿಪ್ಪೆಯ ಚೂರು ಅಥವಾ ಒಣ ಎಲೆ ಹರಡಿ. ಪಕ್ಕದ ಮನೆಯವರಿಗೆ ನೀರು ಹಾಕಲು ಹೇಳುವ ಅನುಕೂಲ ಇಲ್ಲದಿದ್ದರೆ ಹತ್ತಿಯ ಬತ್ತಿಯ ಉಪಾಯ ಮಾಡಬಹುದು. ಒಂದು ಬಕೆಟ್ ನೀರನ್ನು ಕುಂಡಗಳಿಗಿಂತ ಸ್ವಲ್ಪ ಎತ್ತರದ ಸ್ಟೂಲಿನ ಮೇಲಿಟ್ಟು, ಹಳೆಯ ಹತ್ತಿ ಪಂಚೆಯನ್ನು ಬೆರಳು ದಪ್ಪದ ಪಟ್ಟಿಗಳಾಗಿ ಹರಿದು ಹೊಸೆದು, ಪೂರ್ತಿ ನೆನೆಸಿ, ಒಂದು ತುದಿಯನ್ನು ಬಕೆಟ್ಟಿನ ತಳಕ್ಕೂ ಇನ್ನೊಂದನ್ನು ಕುಂಡದ ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೂ ಹುಗಿಯಬೇಕು. ಬಕೆಟ್ಟಿನ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟುವುದನ್ನು ಮರೆಯಬೇಡಿ. ತೆರೆದ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ. ಹೊರಡುವ ಮೂರು ನಾಲ್ಕು ದಿನ ಮೊದಲೇ ಇದನ್ನು ಹೂಡಿ, ಎಷ್ಟು ನೀರು ಇಳಿಯುತ್ತದೆಂದು ನೋಡಿಕೊಳ್ಳುವುದು ಅಗತ್ಯ.

ದುಂಡುಮಲ್ಲಿಗೆ ಇದ್ದವರು ಅದನ್ನು ಸವರಿಯೇ ಹೊರಡಬೇಕು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಚಳಿಗಾಲದಲ್ಲಿ ಕಡ್ಡಿಗಳನ್ನು ಕತ್ತರಿಸಿ, ಹಳೆಯ ಎಲೆಗಳನ್ನು ಕೈಯಿಂದ ಸವರಿ ತೆಗೆದರೆ ಗಿಡಕ್ಕೆ ನೀರಿನ ಅಗತ್ಯವೂ ಕಡಿಮೆಯಾಗುತ್ತದೆ. ನೀವು ಹಿಂದಿರುಗುವ ಹೊತ್ತಿಗೆ ಗೆಣ್ಣುಗಳಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊಳಕೆ ಒಡೆದಿರುತ್ತದೆ. ಗೊಬ್ಬರ ಕೊಡಬೇಕಾದ್ದು ಆಗ, ಹೊರಡುವ ಮೊದಲಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿನ ವಾಲ್ವ್ ತಿರುಗಿಸಿ, ಫ್ರಿಜ್ಜಿನಲ್ಲಿ ಕೆಡುವಂಥದ್ದನ್ನು ಖಾಲಿ ಮಾಡಿ. ತಾರಸಿಯ ನೀರು ಇಳಿಯುವ ಕಿಂಡಿಗಳಿಗೆ ತಂತಿಜಾಲರಿ ಹಾಕಿ, ಏಕೆಂದರೆ ಹೊಂಗೆ ಮತ್ತು ಬಾದಾಮಿ ಮರಗಳು ಎಲೆ ಉದುರಿಸುವುದು ಇದೇ ಕಾಲದಲ್ಲಿ.

ಹಂತ 4: ಕಾರು ಮತ್ತು ಸಾಮಾನು

ತಾನಾಗಿಯೇ ನಿಲ್ಲುವ, ಗೂಟವಿಲ್ಲದಿದ್ದರೂ ಆಕಾರ ಹಿಡಿಯುವ ಗುಮ್ಮಟದಂಥ ಟೆಂಟನ್ನೇ ಆರಿಸಿ. ಈ ಸುತ್ತಿನಲ್ಲಿ ಮರಳು, ಕೆಂಪು ಜಂಬಿಟ್ಟಿಗೆ ನೆಲ, ಎರೆಭೂಮಿ, ಕಗ್ಗಲ್ಲು ಎಲ್ಲವೂ ಸಿಗುತ್ತವೆ. ಒಂದೇ ಬಗೆಯ ಗೂಟ ಎಲ್ಲ ಕಡೆಗೂ ಆಗುವುದಿಲ್ಲ. ಮನೆಯ ತಾರಸಿಯಲ್ಲಿ ಒಮ್ಮೆ ಕಟ್ಟಿ, ಒಂದು ರಾತ್ರಿ ಅದರಲ್ಲೇ ಮಲಗಿ ನೋಡಿ. ಟೆಂಟಿನ ತಳದಷ್ಟೇ ಅಗಲದ ಟಾರ್ಪಾಲು, ತಲೆಗೆ ಕಟ್ಟುವ ಟಾರ್ಚು, ಸಣ್ಣ ಗುದ್ದಲಿ, 20 ಲೀಟರಿನ ನೀರಿನ ಕ್ಯಾನು, ಹತ್ತು ಹದಿನೈದು ಮೀಟರ್ ನೈಲಾನ್ ಹಗ್ಗ, ಮುಚ್ಚಳ ಭದ್ರವಾಗಿರುವ ಎರಡು ಪ್ಲಾಸ್ಟಿಕ್ ಪೆಟ್ಟಿಗೆ ಇವು ಬೇಕೇ ಬೇಕು. ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕೈದು ಲೀಟರ್ ನೀರನ್ನು ಲೆಕ್ಕ ಹಾಕಿ.

ಆಹಾರದಲ್ಲಿ ಬೇರೆ ನಾಡಿನವರ ಪಟ್ಟಿ ನೋಡಿ ಡಬ್ಬಿಯ ತಿನಿಸುಗಳನ್ನು ಹೊತ್ತುಕೊಂಡು ಹೋಗುವ ಅಗತ್ಯ ನಮಗಿಲ್ಲ. ದೂರ ಪಯಣಕ್ಕೆಂದೇ ಬೆಳೆದುಬಂದ ಅಡುಗೆ ನಮ್ಮಲ್ಲಿದೆ. ಗೊಜ್ಜವಲಕ್ಕಿಯ ಪುಡಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು ಮನೆಯಿಂದ ಹೊರಡುವಾಗಲೇ ಇರಲಿ. ಉತ್ತರ ಕರ್ನಾಟಕ ತಲುಪಿದ ಮೇಲೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಕೊಳ್ಳಿ. ಇವು ವಾರಗಟ್ಟಲೆ ಕೆಡುವುದಿಲ್ಲ, ಬೆಂಕಿಯೂ ಬೇಡ. ಸ್ಟೌವಿನ ಗ್ಯಾಸ್ ಕ್ಯಾನುಗಳನ್ನು ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಬಿಟ್ಟುಹೋಗಬಾರದು. ಟೆಂಟಿನ ಒಳಗೆ ಸ್ಟೌ ಹಚ್ಚುವುದಾಗಲೀ, ಇದ್ದಿಲ ಕೆಂಡ ಇಟ್ಟುಕೊಳ್ಳುವುದಾಗಲೀ, ಎಂಜಿನ್ ಓಡಿಸುತ್ತ ಮುಚ್ಚಿದ ಕಾರಿನಲ್ಲಿ ಮಲಗುವುದಾಗಲೀ ಖಂಡಿತ ಕೂಡದು. ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಹಂತ 5: ಎಲ್ಲಿ ಟೆಂಟ್ ಹಾಕಬಹುದು, ಎಲ್ಲಿ ಹಾಕಬಾರದು

ಕಾಡು ಕಂಡಲ್ಲಿ ಕಾರು ನಿಲ್ಲಿಸಿ ಟೆಂಟ್ ಹಾಕುವುದು ನಮ್ಮಲ್ಲಿ ಕಾನೂನಿಗೆ ವಿರುದ್ಧ. ಮೀಸಲು ಅರಣ್ಯ, ವನ್ಯಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಉಳಿದುಕೊಳ್ಳುವಂತಿಲ್ಲ, ಬೆಂಕಿ ಹಚ್ಚುವುದಂತೂ ದೊಡ್ಡ ಅಪರಾಧ. ಫೆಬ್ರುವರಿಯಿಂದ ಕಾಳ್ಗಿಚ್ಚಿನ ಕಾಲ ಶುರುವಾಗುತ್ತದೆ. ಬೆಂಕಿ ಹರಡದಂತೆ ಸಿಬ್ಬಂದಿ ಗಿಡಗಂಟಿ ಸವರಿದ ಪಟ್ಟಿ, ಅಂದರೆ ಬೆಂಕಿರೇಖೆ, ಬಿಡಿಸಿ ಹಗಲಿರುಳು ಕಾಯುತ್ತಿರುತ್ತಾರೆ. ಅವರ ಕಷ್ಟವನ್ನು ಬಲ್ಲವರು ಶಿಬಿರಾಗ್ನಿಯ ಆಸೆಯನ್ನು ಈ ತಿಂಗಳುಗಳಲ್ಲಿ ಬಿಟ್ಟೇಬಿಡಬೇಕು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ರಾತ್ರಿ ತಂಗುವ ಮಾತೇ ಇಲ್ಲ.

ಹಾಗಾದರೆ ಉಳಿಯುವುದು ಮೂರು ದಾರಿ. ಹೋಂಸ್ಟೇ ಅಥವಾ ತೋಟದ ಮನೆಯವರ ಒಪ್ಪಿಗೆ ಪಡೆದು ಅವರ ಅಂಗಳದಲ್ಲಿ ಟೆಂಟ್ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಸಾಗರ, ಸಿದ್ದಾಪುರ, ಶಿರಸಿಯ ಕಡೆ ಮೊದಲೇ ಫೋನ್ ಮಾಡಿ ಕೇಳಿದರೆ ಒಪ್ಪುವವರು ಸಿಗುತ್ತಾರೆ, ಊಟವೂ ಸಿಗುತ್ತದೆ. ಎರಡನೆಯದು ಸಿದ್ಧ ಟೆಂಟುಗಳಿರುವ ಅಧಿಕೃತ ಶಿಬಿರ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಗೆ ದಾಂಡೇಲಿಯಲ್ಲಿ ಕಾಳಿ ಅಡ್ವೆಂಚರ್ ಕ್ಯಾಂಪ್ ಇದೆ. ಮೂರನೆಯದು, ಟೆಂಟ್ ಸಾಧ್ಯವಾಗದ ರಾತ್ರಿಗಳಿಗೆ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳು: ಜೋಗದಲ್ಲಿ ಮಯೂರ ಗೇರುಸೊಪ್ಪ, ಬಾದಾಮಿಯಲ್ಲಿ ಮಯೂರ ಚಾಲುಕ್ಯ, ಹಂಪಿಯ ಹತ್ತಿರ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ.

ಮಲೆನಾಡಿನಲ್ಲಿ ಅಡಿಕೆ ಅಥವಾ ತೆಂಗಿನ ಮರದ ಅಡಿಯಲ್ಲಿ ಟೆಂಟ್ ಬೇಡ. ಅಡಿಕೆಯ ಹಾಳೆ ಸದ್ದಿಲ್ಲದೆ ಕಳಚಿ ಬೀಳುತ್ತದೆ. ಮಳೆಯಂಥ ಇಬ್ಬನಿಯಲ್ಲಿ ನೆನೆದ ಸೋಗೆಯ ಸಮೇತ ಅದು ಟೆಂಟಿನ ಕೋಲನ್ನು ಮುರಿಯುವಷ್ಟು ಭಾರವಿರುತ್ತದೆ. ತೆಂಗಿನಕಾಯಿಯ ಬಗ್ಗೆ ಹೇಳಬೇಕಾಗಿಲ್ಲ. ಮನೆಯ ಮುಂದಿನ ಸಗಣಿ ಸಾರಿಸಿದ ಬಯಲು ಅಂಗಳವೇ ಸುರಕ್ಷಿತ.

ಮಂಗನ ಕಾಯಿಲೆಯ ಬಗ್ಗೆ ಪ್ರತ್ಯೇಕ ಎಚ್ಚರ

ಈ ಕಾಲದಲ್ಲಿ ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನಲ್ಲಿ ಟೆಂಟ್ ಹಾಕುವವರು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದದ್ದು ಕ್ಯಾಸನೂರು ಕಾಡಿನ ಕಾಯಿಲೆಯ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಪತ್ತೆಯಾದ ಈ ವೈರಸ್ ಜ್ವರವು ಉಣುಗಿನ ಕಡಿತದಿಂದ ಮನುಷ್ಯರಿಗೆ ಬರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. ಮರಿ ಉಣುಗುಗಳು ಎಳ್ಳಿನಷ್ಟೂ ಇರುವುದಿಲ್ಲ, ಉದುರಿದ ಎಲೆಯ ಹಾಸಿನಲ್ಲಿ ಇರುತ್ತವೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಇದಕ್ಕೆ ನಿರ್ದಿಷ್ಟವಾದ ಔಷಧಿ ಇಲ್ಲ.

ಆದ್ದರಿಂದ ತರಗೆಲೆಯ ಮೇಲೆ ಕೂರುವುದು, ಮಲಗುವುದು, ಬಟ್ಟೆ ಹರಡುವುದು ಬೇಡ. ದರಗು, ಅಂದರೆ ಉದುರಿದ ಒಣ ಎಲೆ, ತರಲು ಊರಿನವರು ಕಾಡಿಗೆ ಹೋಗುವ ದಾರಿಗಳಲ್ಲಿ ಸುತ್ತಾಡಬೇಡಿ. ತುಂಬುತೋಳಿನ ಅಂಗಿ, ಕಾಲುಚೀಲದ ಒಳಗೆ ಸೇರಿಸಿದ ಪ್ಯಾಂಟು ಇರಲಿ; ತಿಳಿಬಣ್ಣದ ಬಟ್ಟೆಯ ಮೇಲೆ ಉಣುಗು ಕಾಣುತ್ತದೆ. ಉಣುಗು ಹತ್ತದಂತೆ ಆ ಭಾಗದಲ್ಲಿ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಸ್ಥಳೀಯರು ಹಚ್ಚಿಕೊಳ್ಳುವುದನ್ನು ನೋಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಆರೋಗ್ಯ ಅಥವಾ ಪಶುವೈದ್ಯ ಇಲಾಖೆಗೆ ತಿಳಿಸಿ, ಅಲ್ಲಿಂದ ಬೇರೆಡೆಗೆ ತೆರಳಿ. ಪ್ರತಿ ಸಂಜೆ ಬಿಸಿನೀರಿನ ಸ್ನಾನ ಮಾಡಿ ಮೊಣಕಾಲ ಹಿಂಭಾಗ, ಸೊಂಟ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಮಕ್ಕಳನ್ನು ನೀವೇ ಪರೀಕ್ಷಿಸಿ. ಆಯಾ ವರ್ಷ ಪ್ರಕರಣಗಳು ವರದಿಯಾದ ಗ್ರಾಮಗಳಲ್ಲಿ ಟೆಂಟ್ ಬಿಟ್ಟು ಮನೆಯೊಳಗೆ ಉಳಿಯುವುದೇ ವಿವೇಕ.

ಕಡಿತವಾದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಎಂಟು ದಿನ ಬೇಕು. ಮಲೆನಾಡನ್ನು ಪ್ರವಾಸದ ಮೊದಲಿಗೆ ಇಟ್ಟುಕೊಳ್ಳಬೇಕು ಎಂದದ್ದು, ಜ್ವರ ಬರುವುದಿದ್ದರೆ ಆದಷ್ಟು ಮನೆ ಸೇರುವ ಮೊದಲೇ ಗೊತ್ತಾಗಲಿ ಎಂಬ ಕಾರಣಕ್ಕೂ ಸೇರಿ. ದಿಢೀರ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಎಲ್ಲಿದ್ದರೂ ಆಸ್ಪತ್ರೆಗೆ ಹೋಗಿ, ಮಲೆನಾಡಿನ ಯಾವ ಊರಿನಲ್ಲಿ ಯಾವ ದಿನ ಇದ್ದಿರೆಂದು ವೈದ್ಯರಿಗೆ ನೀವಾಗಿಯೇ ಹೇಳಬೇಕು. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ.

ಹಂತ 6: ಕರಾವಳಿ ಮತ್ತು ಕಾಳಿ ಕಣಿವೆ

ಜೋಗದಲ್ಲಿ ಈ ಕಾಲದಲ್ಲಿ ನೀರು ತೆಳ್ಳಗಿರುತ್ತದೆ, ಆದರೆ 253 ಮೀಟರ್ ಎತ್ತರದ ಬಂಡೆಯ ಗೋಡೆಯ ಪೂರ್ತಿ ರೂಪ ಕಾಣುವುದು ನೀರು ಇಳಿದಾಗಲೇ. ಅಲ್ಲಿಂದ ಗೇರುಸೊಪ್ಪೆಯ ಘಾಟಿಯನ್ನು ಹಗಲಿನಲ್ಲೇ ಇಳಿಯಿರಿ. ಇದು ಸಿಂಗಳೀಕಗಳ ನೆಲೆ. ರಸ್ತೆ ದಾಟುವ ಪ್ರಾಣಿಗಳಿಗಾಗಿ ವೇಗ ತಗ್ಗಿಸಿ, ತಿನಿಸು ಎಸೆಯಬೇಡಿ.

ಸಮುದ್ರದ ಬದಿಯಲ್ಲಿ ಒಪ್ಪಿಗೆ ಇರುವ ಖಾಸಗಿ ಜಾಗದಲ್ಲಷ್ಟೇ ಟೆಂಟ್ ಹಾಕಿ. ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಒಣಗಿದ ಕಸಕಡ್ಡಿ ಮತ್ತು ಚಿಪ್ಪುಗಳ ಗೆರೆ ತೋರಿಸುತ್ತದೆ. ಅದಕ್ಕಿಂತ ಬಹಳ ಮೇಲೆ ಇರಬೇಕು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ನಾಲ್ಕು ಬಟ್ಟೆಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದು ಮೊಳ ಆಳದಲ್ಲಿ ಅಡ್ಡಲಾಗಿ ಹೂತರೆ ಟೆಂಟ್ ಗಾಳಿಗೆ ಅಲುಗುವುದಿಲ್ಲ. ಇದು ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುವ ಕಾಲವೂ ಹೌದು. ಹೊನ್ನಾವರದ ಕಾಸರಕೋಡು ಟೊಂಕದ ಕಡೆ ಆಲಿವ್ ರಿಡ್ಲೆ ಆಮೆಗಳು ಬರುತ್ತವೆ. ರಾತ್ರಿ ದಡದ ಕಡೆಗೆ ಪ್ರಖರ ದೀಪ ಬಿಡುವುದರಿಂದ ತಾಯಾಮೆ ಹಿಂದಿರುಗಬಹುದು, ಮರಿಗಳು ದಿಕ್ಕು ತಪ್ಪಬಹುದು. ಕಾರಿನ ಹೆಡ್‌ಲೈಟೂ ಇದಕ್ಕೆ ಹೊರತಲ್ಲ.

ದಾಂಡೇಲಿಯಲ್ಲಿ ಕಾಳಿ ನದಿಯ ಅಂಚಿಗೆ ಟೆಂಟ್ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಹಾಕಬೇಡಿ. ಗಣೇಶಗುಡಿಯ ಸೂಪಾ ಜಲಾಶಯದಿಂದ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಕೆಳಗೆ ನದಿಯ ಮಟ್ಟ ಇದ್ದಕ್ಕಿದ್ದಂತೆ ಏರುತ್ತದೆ, ಮೇಲಾಗಿ ಈ ನದಿಯಲ್ಲಿ ಮೊಸಳೆಗಳಿವೆ. ಸಂಜೆಯಾದ ಮೇಲೆ ಪಾತ್ರೆ ತೊಳೆಯಲು ದಡಕ್ಕೆ ಇಳಿಯುವುದೂ ಬೇಡ. ಸಾಗುವಾನಿ ಕಾಡು ಆಗ ಎಲೆ ಕಳಚಿ ಬೋಳಾಗಿರುತ್ತದೆ, ಹಾಗಾಗಿ ಹಕ್ಕಿ ನೋಡುವವರಿಗೆ ಇದು ಸುಗ್ಗಿ.

ಹಂತ 7: ಬಾದಾಮಿಯಲ್ಲಿ ಒಂದು ಹೆಚ್ಚಿನ ದಿನ

ಧಾರವಾಡ ದಾಟಿದ ಮೇಲೆ ನವಲಗುಂದ, ನರಗುಂದದ ಎರೆಭೂಮಿ. ಕಡಲೆ, ಜೋಳದ ಕೊಯ್ಲು ನಡೆದಿರುವ ಹೊಲಗಳಲ್ಲಿ ಅಂಗೈ ಅಗಲದ ಬಿರುಕುಗಳಿರುತ್ತವೆ, ಅವುಗಳಲ್ಲಿ ಚೇಳು ಮತ್ತು ಹಾವು ತಂಗುತ್ತವೆ. ಇಲ್ಲಿ ಟೆಂಟ್ ಹಾಕದೆ ಬಾದಾಮಿಗೆ ಮುಂದುವರಿಯುವುದು ಲೇಸು. ದಾರಿಯ ಬದುಗಳಲ್ಲಿ ಎಲೆಯೇ ಇಲ್ಲದ ಮುತ್ತುಗದ ಮರಗಳು ಕೆಂಪಗೆ ಹೂತಿರುವುದನ್ನು ಕಂಡಾಗ ವಸಂತ ಎದುರಾದದ್ದು ತಿಳಿಯುತ್ತದೆ.

ಬಾದಾಮಿಯಲ್ಲಿ ಒಂದು ದಿನವನ್ನು ಸಾಮಾನಿಗಾಗಿ ಮೀಸಲಿಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಟೆಂಟಿನ ಹೊರಹೊದಿಕೆ, ಒಳಭಾಗ, ಟಾರ್ಪಾಲು ಮೂರನ್ನೂ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಉಪ್ಪು ತೆಗೆಯಿರಿ. ಕೋಲುಗಳ ಕೀಲುಗಳನ್ನೂ ಜಿಪ್ಪಿನ ಹಲ್ಲುಗಳನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ನಂತರ ನೆರಳಿನಲ್ಲಿ ಹಗ್ಗಕ್ಕೆ ಹಾಕಿ, ಏಕೆಂದರೆ ನೇರ ಬಿಸಿಲು ನೈಲಾನ್ ಬಟ್ಟೆಯನ್ನು ಕ್ಷೀಣಗೊಳಿಸುತ್ತದೆ. ಹೊಲಿಗೆಯ ಸಾಲು, ಮೂಲೆ ಮತ್ತು ಕೆಳ ಅಂಚಿನ ಮಡಿಕೆ ಕೊನೆಗೆ ಒಣಗುವ ಜಾಗಗಳು. ಅವನ್ನು ಕೈಬೆರಳಿನಿಂದ ಒತ್ತಿ ನೋಡಿ, ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ ಇದೆಯೆಂದೇ ಅರ್ಥ. ಹೀಗೆ ಹಾಕುವಾಗ ಕೋತಿಗಳ ಕಾವಲು ಬೇಕು. ಬಾದಾಮಿಯ ಕೋತಿಗಳು ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು, ಕೈಯಿಂದಲೇ ಕಿತ್ತುಕೊಳ್ಳುತ್ತವೆ.

ಒಣಗುವಷ್ಟರಲ್ಲಿ ಸರದಿಯ ಮೇಲೆ ಗುಹೆಗಳನ್ನು ನೋಡಿ ಬನ್ನಿ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಮಧ್ಯಾಹ್ನದ ಮೇಲೆ ಅಗಸ್ತ್ಯ ತೀರ್ಥದ ಎದುರು ದಂಡೆಯಿಂದ ನೋಡಿದರೆ ಮರಳುಗಲ್ಲಿನ ಬಣ್ಣ ಹೊತ್ತುಹೊತ್ತಿಗೆ ಬದಲಾಗುತ್ತದೆ.

ಹಂಪಿಯ ಕಗ್ಗಲ್ಲಿನ ಮೇಲೆ ಗೂಟದ ಆಸೆಯೇ ಇಲ್ಲ, ಟೆಂಟಿನ ಹಗ್ಗವನ್ನು ದಪ್ಪ ಕಲ್ಲುಗಳಿಗೆ ಕಟ್ಟಬೇಕು. ಬಂಡೆಗಳು ಹಗಲಿನ ಕಾವನ್ನು ರಾತ್ರಿಯವರೆಗೂ ಬಿಡುವುದಿಲ್ಲವಾದ್ದರಿಂದ ಬಂಡೆಗೆ ಅಂಟಿಕೊಂಡು ಮಲಗಿದರೆ ಸೆಕೆ ಆಗುತ್ತದೆ. ಸಮೀಪದ ದರೋಜಿ ಕರಡಿಧಾಮದ ಸುತ್ತಮುತ್ತಲ ಗುಡ್ಡಗಳಲ್ಲಿ ಕರಡಿಗಳು ಸಂಜೆಯಿಂದ ಮುಂಜಾವಿನವರೆಗೆ ತಿರುಗಾಡುತ್ತವೆ. ಕತ್ತಲಾದ ಮೇಲೆ ಬಂಡೆಗಳ ನಡುವೆಯಾಗಲೀ, ಕಾಲುವೆಯ ನಿರ್ಜನ ದಂಡೆಯಲ್ಲಾಗಲೀ ಕೂರುವುದು ಸರಿಯಲ್ಲ. ಯಾವ ತೊಂದರೆಗಾದರೂ 112ಕ್ಕೆ ಕರೆ ಮಾಡಿ.

ಹಂತ 8: ಮನೆ ಸೇರಿದ ಮೇಲೆ

ಹೊಸಪೇಟೆಯಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನಕ್ಕೆ ಬೆಂಗಳೂರು ಸಿಗುತ್ತದೆ. ಊರೊಳಗೆ ಬರುತ್ತಲೇ ಟಬೂಬಿಯಾ ಮರಗಳ ಗುಲಾಬಿ ಮತ್ತು ಹಳದಿ ಹೂವು ಸ್ವಾಗತಿಸುತ್ತದೆ. ಆದರೆ ಮನೆಯ ಬಾಗಿಲು ತೆಗೆದ ಕೂಡಲೇ ಮಾಡುವ ಮೊದಲ ಕೆಲಸ ಗಿಡಗಳದ್ದು, ಸಾಮಾನಿನದ್ದಲ್ಲ.

ಒಣಗಿದ ಕುಂಡಕ್ಕೆ ಒಮ್ಮೆಲೇ ಮೇಲಿನಿಂದ ನೀರು ಸುರಿದರೆ ಅದು ಮಣ್ಣು ಅಂಚು ಬಿಟ್ಟ ಸಂದಿನಿಂದ ನೇರವಾಗಿ ಹೊರಗೆ ಹೋಗುತ್ತದೆ, ಬೇರಿಗೆ ತಲುಪುವುದೇ ಇಲ್ಲ. ತೆಂಗಿನ ನಾರಿನ ಪುಡಿ ಬೆರೆಸಿದ ಕುಂಡಗಳಲ್ಲಿ ಇದು ಇನ್ನೂ ಹೆಚ್ಚು. ಒಂದು ಟಬ್ಬಿನಲ್ಲಿ ನೀರು ತುಂಬಿ ಕುಂಡವನ್ನು ಅಂಚಿನವರೆಗೆ ಅದ್ದಿಡಿ. ಗುಳ್ಳೆ ಬರುವುದು ನಿಂತಾಗ ಎತ್ತಿ, ನೀರು ಬಸಿದುಹೋಗಲು ಬಿಟ್ಟು, ಎರಡು ದಿನ ನೆರಳಿನಲ್ಲೇ ಇರಿಸಿ. ಬಾಡಿದ ಗಿಡಕ್ಕೆ ಆ ದಿನವೇ ಗೊಬ್ಬರ ಕೊಡಬಾರದು. ಅದು ಚೇತರಿಸಿಕೊಂಡು ಹೊಸ ಎಲೆ ಬಿಟ್ಟ ಮೇಲೆ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ ಕೊಡಿ. ಮಲ್ಲಿಗೆಗೆ ಮಾತ್ರ, ಮೊಳಕೆ ಒಡೆದಿದ್ದರೆ, ತಡಮಾಡದೆ ಬುಡ ಸಡಿಲಿಸಿ ಗೊಬ್ಬರ ಹಾಕಿ ದಿನವೂ ನೀರು ಕೊಡಲು ಆರಂಭಿಸಬಹುದು.

ದಾಸವಾಳದ ತುದಿಗಳನ್ನು ತಿರುಗಿಸಿ ನೋಡಿ. ಬಿಳಿ ಹಿಟ್ಟಿನಂಥ ತಿಗಣೆ ಇದ್ದರೆ ಮೊದಲು ನೀರಿನ ರಭಸಕ್ಕೆ ತೊಳೆದು, ತೀರಾ ಮುರುಟಿದ ತುದಿಗಳನ್ನು ಕತ್ತರಿಸಿ, ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆಯನ್ನು ಕೆಲವು ಹನಿ ಸೋಪಿನ ದ್ರಾವಣದೊಡನೆ ಕಲಸಿ ಸಂಜೆ ಸಿಂಪಡಿಸಿ. ಹಿತ್ತಲಲ್ಲಿ ಮಾವು ಹೂತಿದ್ದರೆ ಅರಳಿದ ಹೂವಿಗೆ ಏನನ್ನೂ ಸಿಂಪಡಿಸಬೇಡಿ. ಪರಾಗ ಮುಟ್ಟಿಸುವ ನೊಣ, ಜೇನುಗಳು ಅಲ್ಲಿ ಕೆಲಸದಲ್ಲಿರುತ್ತವೆ.

ಸಾಮಾನಿನ ವಿಷಯಕ್ಕೆ ಬಂದರೆ, ಒಣಗಿಯೇ ಬಂದ ಟೆಂಟನ್ನೂ ಒಂದು ರಾತ್ರಿ ಕೋಣೆಯೊಳಗೆ ಬಿಡಿಸಿಟ್ಟು, ಮರುದಿನ ಸಡಿಲವಾಗಿ ಮಡಚಿ ಹತ್ತಿ ಚೀಲದಲ್ಲಿಡಿ. ತೇವ ಉಳಿದು ಬಿಗಿಯಾಗಿ ಸುತ್ತಿದರೆ ಬಟ್ಟೆಯ ಒಳಮೈಯ ಪಾಲಿಯುರೆಥೇನ್ ಲೇಪ ಅಂಟಂಟಾಗಿ ಕಿತ್ತುಬರುತ್ತದೆ, ಕೆಟ್ಟ ವಾಸನೆ ಹಿಡಿಯುತ್ತದೆ, ಅದಕ್ಕೆ ರಿಪೇರಿ ಇಲ್ಲ. ಸ್ಲೀಪಿಂಗ್ ಬ್ಯಾಗನ್ನು ಅದರ ಚಿಕ್ಕ ಚೀಲಕ್ಕೆ ತುರುಕದೆ ಬೀರುವಿನಲ್ಲಿ ತೂಗುಹಾಕಿ. ಮಲೆನಾಡಿನಲ್ಲಿ ತೊಟ್ಟ ಬಟ್ಟೆಗಳನ್ನು ಪ್ರತ್ಯೇಕವಾಗಿ ಬಿಸಿನೀರಿನಲ್ಲಿ ಒಗೆಯಿರಿ. ಕಾಲುಚೀಲ, ಚಾಪೆ, ಕಾರಿನ ಮ್ಯಾಟುಗಳಿಗೆ ಉತ್ತರಾಣಿ, ಪಾರ್ಥೇನಿಯಂ ಬೀಜಗಳು ಅಂಟಿರುವುದರಿಂದ ಅವನ್ನು ಕೈತೋಟದಲ್ಲಿ ಕೊಡವದೆ, ಹಾಳೆಯ ಮೇಲೆ ಕೊಡವಿ ಕಸದ ಚೀಲಕ್ಕೆ ಹಾಕಿ. ಕಾರಿನ ತಳಭಾಗವನ್ನು ನೀರಿನ ರಭಸಕ್ಕೆ ತೊಳೆಸಿ ಉಪ್ಪು ತೆಗೆಸುವುದು, ಕೆಂಧೂಳು ತುಂಬಿದ ಏರ್ ಫಿಲ್ಟರನ್ನು ಸ್ವಚ್ಛಗೊಳಿಸುವುದು ಆ ವಾರದಲ್ಲೇ ಆಗಲಿ.

ತಾರಸಿಯಲ್ಲಿ ಬಿದ್ದಿರುವ ಎಲೆಗಳನ್ನು ಸುಡಬೇಡಿ. ಅವನ್ನು ಗುಡಿಸಿ ತೂತಿನ ಡ್ರಮ್ಮಿಗೆ ತುಂಬಿ, ನಡುನಡುವೆ ಅಡುಗೆಮನೆಯ ಹಸಿಕಸ ಮತ್ತು ಒಂದಿಷ್ಟು ಹುಳಿಮಜ್ಜಿಗೆ ಚಿಮುಕಿಸಿದರೆ ಮಳೆಗಾಲದ ನಾಟಿಗೆ ಗೊಬ್ಬರ ಸಿದ್ಧವಾಗುತ್ತದೆ. ಖಾಲಿಯಿರುವ ಕುಂಡಗಳಿಗೆ ಬೆಂಡೆ, ಹೀರೆ, ಸೌತೆ, ಹರಿವೆ ಬೀಜ ಹಾಕಲು ಇದೇ ಸಮಯ. 2024ರ ಬೇಸಿಗೆಯಲ್ಲಿ ಬೆಂಗಳೂರು ಕಂಡ ನೀರಿನ ಅಭಾವವನ್ನು ನೆನಪಿಟ್ಟುಕೊಂಡು, ಕೊಟ್ಟ ನೀರು ಆವಿಯಾಗದಂತೆ ಮಣ್ಣಿಗೆ ಮತ್ತೆ ಒಣ ಎಲೆ ಹೊದಿಸಿ.

ಮಳೆನೀರು ಸಂಗ್ರಹದ ವ್ಯವಸ್ಥೆ ಇರುವ ಮನೆಗಳಲ್ಲಿ ಒಂದು ಕೆಲಸ ಉಳಿದಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಯಾವ ಸಂಜೆಯಾದರೂ ಬೇಸಿಗೆಯ ಮೊದಲ ಮಳೆ ಸುರಿಯಬಹುದು. ಅಷ್ಟರೊಳಗೆ ಕಿಂಡಿಗಳ ಜಾಲರಿ ತೆಗೆದು ತೊಳೆದು, ಫಿಲ್ಟರಿನ ಮರಳು ಮತ್ತು ಜಲ್ಲಿಯನ್ನು ಹೊರತೆಗೆದು ಸ್ವಚ್ಛಗೊಳಿಸಿ ಮತ್ತೆ ಹಾಕಿ. ಮೊದಲ ಮಳೆಯ ನೀರಿನಲ್ಲಿ ಇಡೀ ಬೇಸಿಗೆಯ ಧೂಳು ಇರುವುದರಿಂದ ಅದನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸಿ, ತಾರಸಿ ತೊಳೆದು ನೀರು ತಿಳಿಯಾದ ಮೇಲೆ ವಾಲ್ವನ್ನು ತೊಟ್ಟಿಯ ಕಡೆಗೆ ತಿರುಗಿಸಿ.